ತಾಯಪ್ಪ ದಫೇದಾರ ಕೇಳಿದ ಮಾತು

ಅರವತ್ತೈದನೇ ಇಸವಿ, ಭತ್ತದ ನಾಟಿಯ ಕಾಲ. ಕಾಲುವೆ ನೀರಿನ ಪಾಳಿಗಾಗಿ ಮೇಲಿನ ಊರಿನವರಿಗೂ ನಮಗೂ ಹೊಡೆದಾಟವಾಗಿ ಎಂಟು ದಿನವಾಗಿತ್ತು. ನಮ್ಮವರಿಬ್ಬರನ್ನು ಕಂಪ್ಲಿ ಠಾಣೆಗೆ ಒಯ್ದಿದ್ದರು. ಅವತ್ತೇ ಕೇರಿಯವರೆಲ್ಲ ಕೂತು ಒಂದು ಮಾತು ಮಾಡಿಕೊಂಡೆವು: ಪೊಲೀಸರು ಯಾರ ಹೆಸರು ಕೇಳಿದರೂ ಅಂಥವರು ಇಲ್ಲಿ ಇಲ್ಲ ಅನ್ನಬೇಕು.

ಅದೇ ಠಾಣೆಯ ತಾಯಪ್ಪ ದಫೇದಾರ ಒಂದು ಕಾಗದ ಹಿಡಿದು ಬಸ್ಸಿಳಿದು ಬಂದ. “ಇಲ್ಲಿ ಉಜ್ಜಿನಪ್ಪ ಅಂದ್ರ ಯಾರು?”

ಉಜ್ಜಿನಪ್ಪ ನನ್ನ ತಮ್ಮ. ಧಾರವಾಡದಲ್ಲಿ ಓದುತ್ತಿದ್ದ. ದೊಡ್ಡ ಪರೀಕ್ಷೆ ಪಾಸಾಗಿದೆ, ಸರ್ಕಾರದ ಕಾಗದ ಬರುತ್ತದೆ ಎಂದಿದ್ದ. ನಾವು ದಿನಾ ಟಪಾಲಿನವನ ದಾರಿ ಕಾಯುತ್ತಿದ್ದೆವು.

“ಆ ಹೆಸರಿನವ್ರು ಇಲ್ರಿ,” ಎಂದೆ.

ಮನೆಮನೆ ತಿರುಗಿದ. ಎಲ್ಲರೂ ಅದನ್ನೇ ಅಂದರು. ಕೊನೆಗೆ ನಮ್ಮವ್ವ ಹೊನ್ನೂರಮ್ಮನ ಮುಂದೆ ನಿಂತ.

“ಉಜ್ಜಿನಪ್ಪ ನಿಮ್ಮ ಮಗ ಏನಮ್ಮಾ?”

ಅವ್ವ ನನ್ನ ಕಡೆ ಕೈ ತೋರಿಸಿದಳು. “ನನಗ ಇವ ಒಬ್ಬನೇ ಮಗ ರೀ.”

ಬರೆದುಕೊಂಡು ಹೋದ. ಬಸ್ಸು ಬಿಟ್ಟ ಮೇಲೆ ಮಿರ್ಚಿ ಅಂಗಡಿಯ ದುರ್ಗಕ್ಕ ಸೆರಗು ಹಿಡಿದು ಓಡಿ ಬಂದಳು.

“ಜಡೆಪ್ಪಾ, ಕೆಟ್ಟಿವಲೇ. ಅವ ಹಿಡಿಯಾಕ ಬಂದಿರಲಿಲ್ಲ, ಬಸ್ ಹತ್ತೂವಾಗ ಅವನೇ ಹೇಳಿದ. ನಿನ್ನ ತಮ್ಮನ್ನ ಪೊಲೀಸ್ ಸಾಹೇಬ ಮಾಡಾಕ, ಹುಡುಗ ಹೆಂಗ ಅಂತ ವಿಚಾರಿಸಾಕ ದಿಲ್ಲಿಯಿಂದ ಕಾಗದ ಬಂದೈತಂತ. ಇಂಥ ಮನುಷ್ಯನೇ ಇಲ್ಲ ಅಂತ ಇವತ್ತ ಬರೆದು ಕಳಸ್ತಾನಂತ.”

ಸೈಕಲ್ ಹತ್ತಿದೆ. ಬಸ್ಸು ರೈಸ್ ಮಿಲ್ಲುಗಳನ್ನು ಸುತ್ತಿ ಹೋಗುತ್ತದೆ, ಕಾಲುವೆಯ ಏರಿ ಹಿಡಿದರೆ ನೇರ ಕಂಪ್ಲಿ. ಏರಿಯ ಮೇಲೆ ಬರೀ ಕೆಸರು. ಅರ್ಧ ದಾರಿಯಲ್ಲಿ ಚೈನು ಕಳಚಿತು. ಸೈಕಲ್ಲನ್ನು ಹೆಗಲಿಗೇರಿಸಿ ಓಡಿದೆ. ನಾಟಿ ಹಚ್ಚುತ್ತಿದ್ದ ಹೆಂಗಸರು ಬೆನ್ನೆತ್ತಿ ಕೇಳಿದರು, “ಯಾಕಪ್ಪಾ, ಸೈಕಲ್ಲಿಗೆ ಜ್ವರ ಬಂದೈತೇನು?”

ಠಾಣೆ ಮುಟ್ಟಿದಾಗ ದಫೇದಾರ ಲಕೋಟೆಯ ಬಾಯಿಗೆ ಅಂಟು ಹಚ್ಚುತ್ತಿದ್ದ.

“ಹಚ್ಚಬ್ಯಾಡ್ರೀ ಯಪ್ಪಾ. ಉಜ್ಜಿನಪ್ಪ ನನ್ನ ತಮ್ಮ.”

“ಮುಂಜಾನಿ ಇಲ್ಲ ಅಂದಿ, ಈಗ ತಮ್ಮ ಅಂತಿ. ಸಾಹೇಬ ಆಗ್ತಾನ ಅಂದ ಕೂಡ್ಲೆ ಹುಟ್ಟಿದನೇನು? ಯಾವುದನ್ನ ನಂಬ್ಲಿ ನಾನು?”

ನಾನು ಹೇಳಿದ ಸುಳ್ಳು ಅವನ ಪುಸ್ತಕದಲ್ಲೇ ಬರೆದಿತ್ತು. ಲಕೋಟೆ ಅವನ ಕೈಯಲ್ಲೇ ಇತ್ತು, ಟಪಾಲಿನ ಹೊತ್ತಾಗುತ್ತಿತ್ತು. ತಾಸು ಹೊತ್ತು ಕಾಲು ಹಿಡಿದು ತಡೆದೆ.

ಅಷ್ಟರಲ್ಲಿ ಹೊರಗೆ ಗದ್ದಲ. ಮೂರು ಬಂಡಿಗಳ ತುಂಬ ನಮ್ಮ ಕೇರಿ. ಮುಂದಿನ ಬಂಡಿಯಿಂದ ಅವ್ವ ಇಳಿದಳು, ಮೊಣಕಾಲ ಮಟ ಕೆಸರು.

“ನಾವೆಲ್ಲಾರೂ ಸುಳ್ಳು ಹೇಳಿದಿವ್ರಿ. ಏನ್ ಶಿಕ್ಷಾ ಐತಿ ಕೊಡ್ರಿ. ಅವ ನನ್ನ ಹೊಟ್ಯಾಗ ಹುಟ್ಟಿದ ಮಗ.”

ತಾಯಪ್ಪ ಎಲ್ಲರ ಮುಖ ನೋಡಿದ. “ಇಪ್ಪತ್ತು ವರ್ಷ ಆತು ನೌಕರಿಗೆ ಸೇರಿ. ಸುಳ್ಳು ಒಪ್ಪಿಕೊಳ್ಳಾಕ ಇಡೀ ಕೇರಿ ಬಂಡಿ ಕಟ್ಟಿಕೊಂಡು ಬಂದಿದ್ದು ಇವತ್ತ ನೋಡಿದೆ.” ಲಕೋಟೆ ಹರಿದು ಹೊಸ ಹಾಳೆ ತೆಗೆದ. “ಹೇಳ್ರಿ, ಹುಡುಗ ಹೆಂಗ?”

ಎಲ್ಲರೂ ಒಮ್ಮೆಲೇ ಹೇಳತೊಡಗಿದರು.

ತಮ್ಮ ಅಸ್ಸಾಮಿಗೆ ಹೋದ, ಪಂಜಾಬಿಗೆ ಹೋದ, ಒಮ್ಮೆ ಗುಂಡು ತಿಂದು ಉಳಿದ. ಬಂದ ಪ್ರತಿ ಫೋಟೋದಲ್ಲೂ ಅವ್ವ ಅವನ ಹೆಗಲ ನಕ್ಷತ್ರಗಳ ಮೇಲೆ ಬೆರಳಾಡಿಸಿ ಹೊಸದೇನಿದೆ ನೋಡುತ್ತಿದ್ದಳು. ತೊಂಬತ್ತೇಳರಲ್ಲಿ ಇಡೀ ದೇಶದ ದೊಡ್ಡ ಪೊಲೀಸ್ ಪಡೆಗೆ ಅವನೇ ಮುಖ್ಯಸ್ಥನಾದ. ರೇಡಿಯೋದಲ್ಲಿ ಹೇಳಿದರು.

ಆ ವಾರವೇ ಹೊಸಪೇಟೆಯಿಂದ ಏಳು ಜೀಪು ಬಂದವು. ಅವ್ವ ಕಟ್ಟೆಯ ಮೇಲೆ ಕೂತಿದ್ದಳು. ತಮ್ಮ ಟೋಪಿ ತೆಗೆಯದೆ ಅವಳ ಮುಂದೆ ನಿಂತು ನಾವು ಎಷ್ಟೋ ಸಲ ಆಡಿ ತೋರಿಸಿದ್ದ ದಫೇದಾರನ ದನಿಯಲ್ಲೇ ಕೇಳಿದ.

“ಉಜ್ಜಿನಪ್ಪ ನಿಮ್ಮ ಮಗ ಏನಮ್ಮಾ?”

ಅವ್ವ ಅವನನ್ನು ಬೂಟಿನಿಂದ ಟೋಪಿಯವರೆಗೆ ನೋಡಿದಳು.

“ಯಾಕ್ರಿ, ಏನ್ ಮಾಡ್ಯಾನ?”