ಎರಡನೇ ಗೆರೆ

ಹೊಸ ಮೋಟಾರಿನ ಬಣ್ಣ ಬಿಸಿಯಾಗುತ್ತಿರುವ ವಾಸನೆ, ಹೊಸ ಬೀರು ಮನೆಗೆ ಬಂದ ದಿನ ಬಾಗಿಲು ತೆಗೆದರೆ ಬರುತ್ತದಲ್ಲ ಅಂಥದ್ದು, ಜೊತೆಗೆ ಬೆಲ್ಟಿನ ರಬ್ಬರಿನದೂ ಒಂದಿಷ್ಟು, ಸದ್ದು ಮಾತ್ರ ಇದೆಯೋ ಇಲ್ಲವೋ ಅನ್ನುವಷ್ಟು, ಹಳೆಯದು ಹೀಗಿರಲಿಲ್ಲ, ಹಳೆಯ ಮೋಟಾರು ಶುರುವಾದರೆ ಮೇಲೆ ಅಡುಗೆಮನೆಯ ಸ್ಟ್ಯಾಂಡಿನಲ್ಲಿ ಲೋಟಗಳೆಲ್ಲ ಒಂದಕ್ಕೊಂದು ತಾಕಿ ಕಿಣಿಕಿಣಿ ಅನ್ನುತ್ತಿದ್ದವು, ಇದು ನೋಡಿದರೆ ಪಾಪದ್ದು, ಬಾಯಿಲ್ಲದ್ದು — ಪಾಪದ್ದಂತೆ ಪಾಪದ್ದು, ಸಿದ್ದಲಿಂಗೇಶ ತನ್ನನ್ನೇ ಗದರಿಸಿಕೊಂಡ, ಒಂದೂವರೆ ಎಚ್‌ಪಿ, ಹಳೆಯದರ ಮೂರರಷ್ಟು, ಸದ್ದಿಲ್ಲ ಅಂದಮಾತ್ರಕ್ಕೆ ಮೆತ್ತಗಿದೆ ಅಂತಲ್ಲ. ಕಬ್ಬಿಣ ಕಡೆಯುವ ಎರಡೂವರೆ ಅಡಿಯ ಪುಟ್ಟ ಲೇತು, ಅದರ ಚಕ್ಕಿನ ದವಡೆಯಲ್ಲಿ ಕಚ್ಚಿಕೊಂಡು ತಿರುಗುತ್ತಿರುವ ನಲವತ್ತು ಎಂಎಂ ಉಕ್ಕಿನ ಸರಳು, ಸಂಜೆಯೊಳಗೆ ಅದು ಮೂವತ್ತೆರಡಕ್ಕೆ ಇಳಿದು ಶಿವಬಸಪ್ಪನವರ ಹಿಟ್ಟಿನ ಮಿಲ್ಲಿನ ಶಾಫ್ಟ್ ಆಗಬೇಕು, ಮಿಲ್ಲು ನಿಂತು ಎರಡು ದಿನ, ಅರ್ಧ ಮೂಡಲಪಾಳ್ಯದ ರಾಗಿ ಡಬ್ಬಗಳು ಅಲ್ಲಿ ಸಾಲಾಗಿ ಕೂತಿವೆಯಂತೆ, ನಿನ್ನೆ ಅವರೇ ಸರಳು ಹೊತ್ತುಕೊಂಡು ಬಂದರು, ನಿನಗೆ ಆಗುತ್ತೇನಪ್ಪ, ಇಲ್ಲ ಕಾಮಾಕ್ಷಿಪಾಳ್ಯಕ್ಕೆ ತಗೊಂಡೋಗ್ಲಾ, ಹಾಗೆ ಕೇಳುವಾಗ ಅವರ ಕಣ್ಣು ಇವನ ಬಲಗೈ ಮೇಲೆ ಇಳಿದು, ತಪ್ಪಾಯಿತೇನೋ ಅನ್ನುವಂತೆ ಪಕ್ಕಕ್ಕೆ ಸರಿಯಿತು, ಆಗುತ್ತೆ ಬಿಡಿ ಸಾರ್ ಅಂದುಬಿಟ್ಟಿದ್ದ ಇವನು, ಎಲ್ಲಿಂದ ಬಂತೋ ಆ ಧೈರ್ಯ, ಈಗ ಎಲ್ಲಿ ಹೋಯಿತೋ. ಕೈ ಹ್ಯಾಂಡಲ್ ಮೇಲಿದೆ. ಹ್ಯಾಂಡಲಿನ ಕೊರಳಿಗೆ ಒಂದು ಉಕ್ಕಿನ ಬಳೆ, ಬಳೆಯ ಸುತ್ತ ಗೆರೆಗಳು, ಒಂದು ಗೆರೆ ತಿರುಗಿಸಿದರೆ ಉಕ್ಕು ಕೆತ್ತುವ ಟೂಲು ಒಂದು ಕೂದಲಷ್ಟು ಒಳಗೆ, ಮೊದಲೆಲ್ಲ ಒಂದೇ ಸಲಕ್ಕೆ ಹತ್ತು ಗೆರೆ ಕೊಟ್ಟು ಬೀಡಿ ಹಚ್ಚಿಕೊಳ್ಳುತ್ತಿದ್ದವನು ಇವನೇ, ಹತ್ತರಂತೆ ಹೋದರೆ ಈ ಸರಳಿಗೆ ಎಂಟು ಸಲ ಸಾಕು, ಈಗ ಕೈ ಒಂದು ದಾಟುತ್ತದೆ, ಎರಡಕ್ಕೆ ಬಂದು ನಿಲ್ಲುತ್ತದೆ, ಎರಡರಂತೆ ಹೋದರೆ ನಲವತ್ತು ಸಲ, ಸಂಜೆಯಲ್ಲ, ನಾಳೆಯೂ ಮುಗಿಯುವುದಿಲ್ಲ. ಎರಡನೇ ಗೆರೆ. ಬಿಳಿ ಬಣ್ಣ ತುಂಬಿದ ಸಣ್ಣ ಗೀಟು, ಎರಡು ವರ್ಷದಿಂದ ಕಣ್ಣು ಮುಚ್ಚಿದರೂ ಕಾಣುವುದು.

ಮೋಟಾರ್ ಎಳೆಯಲ್ಲ ಸಾರ್ — ಅದೊಂದು ಮಾತು ಎಷ್ಟು ಜನಕ್ಕೆ ಹೇಳಿದ, ಲೆಕ್ಕವಿಲ್ಲ, ಕೆಲಸ ಯಾಕೆ ಇಷ್ಟು ನಿಧಾನ ಅಂದವರಿಗೆಲ್ಲ ಅದೇ, ದೊಡ್ಡ ಕೆಲಸ ತಂದವರನ್ನು ವಾಪಸ್ ಕಳಿಸುವಾಗಲೂ ಅದೇ, ಹೇಳಿ ಹೇಳಿ ತನಗೇ ನಿಜ ಅನ್ನಿಸತೊಡಗಿತ್ತು, ಪಾಪ ಆ ಅರ್ಧ ಎಚ್‌ಪಿ ಮೋಟಾರು, ಹತ್ತು ಗೆರೆ ಎಳೆಯುತ್ತಿದ್ದದ್ದು ಅದೇ ಅಲ್ಲವೆ, ಆಯುಧಪೂಜೆಯ ದಿನದ ತನಕ. ಆ ದಿನ ಬೇಡ ಅಂದರೂ ಬರುತ್ತದೆ, ವಿಭೂತಿ ಬಳಿದ ಲೇತು, ಒಡೆದ ಕುಂಬಳಕಾಯಿಯ ಹಸಿ ವಾಸನೆ, ಹೇಮಶ್ರೀ ಬೆಳಿಗ್ಗೆ ಐದಕ್ಕೆ ಎದ್ದು ಚೆಂಡು ಹೂವಿನ ಹಾರ ಕಟ್ಟುತ್ತಾ ಕೂತದ್ದು, ಮದುವೆಯಾದಾಗಿನಿಂದ ಲೇತಿನ ಹಾರ ಅವಳದೇ, ಗಂಡನ ಮೆಷಿನ್ನಿಗೆ ಅಂಗಡಿ ಹಾರ ಹಾಕಿದರೆ ಅವಳಿಗೆ ಸಮಾಧಾನವಿಲ್ಲ, ಬಾಳೆನಾರು ಮುಗಿದಿತ್ತು, ಹಬ್ಬದ ದಿನ ಹಾರ ನಡುವೆ ಹರಿಯಬಾರದು ನೋಡಿ ಅಂತ ಚೀಲ ಹೊಲಿಯುವ ನೈಲಾನ್ ದಾರ ಹುಡುಕಿ ತಂದಳು, ಗಟ್ಟಿ ಇದೆ ಕಣ್ರೀ ಇದು, ಜಗ್ಗಿದರೂ ಹರಿಯಲ್ಲ. ಪೂಜೆ ಆದಮೇಲೆ ಮೆಷಿನ್ನನ್ನು ಒಂದು ಸುತ್ತು ಓಡಿಸಬೇಕು, ಅದು ಪದ್ಧತಿ, ಚಕ್ಕಿನ ಮೇಲಿದ್ದ ಹಾರವನ್ನು ತಾನೇ ತೆಗೆದು ಲೇತಿನ ಆ ತುದಿಗೆ ನೇತುಹಾಕಿದ, ಅಷ್ಟು ಬುದ್ಧಿ ಇತ್ತು, ಗುಂಡಿ ಒತ್ತಿದ, ಹಾರ ಜಾರಿತು, ಅದರ ಬಾಲ ತಿರುಗುವ ಚಕ್ಕಿಗೆ ಸಿಕ್ಕಿತು, ಬಿಟ್ಟಿದ್ದರೆ ಏನೂ ಆಗುತ್ತಿರಲಿಲ್ಲ, ನಾಲ್ಕು ಹೂವು ಚೆಲ್ಲಾಡುತ್ತಿತ್ತು ಅಷ್ಟೆ, ಆದರೆ ದೇವರಿಗೆ ಏರಿಸಿದ ಹೂವು ಕೆಳಗೆ ಬೀಳುತ್ತದೆ, ಕಾಲಿಗೆ ಸಿಗುತ್ತದೆ, ಆ ಒಂದೇ ಯೋಚನೆಗೆ ಕೈ ಮುಂದೆ ಹೋಯಿತು, ಇಪ್ಪತ್ತು ವರ್ಷ ತಿರುಗುವ ಚಕ್ಕಿನ ಹತ್ತಿರ ಕೈ ಒಯ್ಯದವನ ಕೈ. ದಾರ ಹರಿಯಲಿಲ್ಲ. ಉಂಗುರದ ಬೆರಳು, ಕಿರುಬೆರಳು, ಎರಡೂ ಅರ್ಧಕ್ಕೆ ಹೋದವು, ಅಷ್ಟರಲ್ಲಿ ಮೋಟಾರು ಗುಂಯ್ ಅಂತ ನರಳಿ, ಬೆಲ್ಟು ಜಾರಿ, ತಾನಾಗಿಯೇ ನಿಂತುಬಿಟ್ಟಿತು, ಅರ್ಧ ಎಚ್‌ಪಿ ಆದ್ದರಿಂದ ನಿಂತಿತು, ಇದಾಗಿದ್ದರೆ — ಈಗ ಮೊಣಕಾಲಿನ ಪಕ್ಕದಲ್ಲಿ ಸದ್ದಿಲ್ಲದೆ ತಿರುಗುತ್ತಿದೆಯಲ್ಲ ಇದಾಗಿದ್ದರೆ ನಿಲ್ಲುತ್ತಿತ್ತೆ. ಗಾಯ ಎರಡು ತಿಂಗಳಲ್ಲಿ ಒಣಗಿತು, ಹೇಮಶ್ರೀ ಅವತ್ತಿನಿಂದ ಹೂ ಕಟ್ಟಿಲ್ಲ, ದೇವರಿಗೂ ಬಿಡಿ ಹೂವೇ, ತಲೆಗೂ ಬಿಡಿ ಹೂವೇ, ಯಾಕೆ ಅಂತ ಇವನು ಕೇಳಲಿಲ್ಲ, ಕೈ ಯಾಕೆ ಎರಡನೇ ಗೆರೆಗೆ ನಿಲ್ಲುತ್ತದೆ ಅಂತ ಅವಳಿಗೂ ಹೇಳಲಿಲ್ಲ, ಹೆದರಿಕೆ ಅಂದರೆ ಯಾವುದರ ಹೆದರಿಕೆ, ಹಾರದ್ದು, ಹಾರ ಯಾರದ್ದು, ಬೇಡಪ್ಪ ಬೇಡ, ಮೋಟಾರಿನ ತಲೆಗೆ ಕಟ್ಟಿದರೆ ಯಾರಿಗೂ ನೋವಿಲ್ಲ. ಯಾರಿಗೆ ಗೊತ್ತಿತ್ತು ಅವಳು ಅದನ್ನೇ ನಿಜ ಅಂದುಕೊಂಡು, ತುಟಿಪಿಟಕ್ಕೆನ್ನದೆ, ಬಾಪೂಜಿ ನಗರದ ಮೋಟಾರ್ ಅಂಗಡಿಯ ಮುನಿರಾಜುವನ್ನು ಹುಡುಕಿಕೊಂಡು ಹೋಗಿ, ಎಂಥದ್ದು ಹಾಕಿದರೆ ನಮ್ಮನೆಯವರ ಲೇತು ಚೆನ್ನಾಗಿ ಎಳೆಯುತ್ತೆ ಅಂತ ವಿಚಾರಿಸಿ ಬರುತ್ತಾಳೆ ಅಂತ, ಇವತ್ತು ಬೆಳಿಗ್ಗೆ ಹೊಸ ಮೋಟಾರು ಹೊತ್ತ ಆಟೋ ಬಂದು ಶಟರಿನ ಮುಂದೆ ನಿಂತಾಗ ಅವಳ ಮುಖ ನೋಡಬೇಕಿತ್ತು, ಹಬ್ಬದ ಮುಖ.

ಮುನಿರಾಜು ಮೋಟಾರಿನ ತಳಕ್ಕೆ ಹೊಸ ಪಟ್ಟಿ ಕೊರೆದು ಕೂರಿಸಿದ, ದೊಡ್ಡ ಪುಲ್ಲಿ ಹಾಕಿದ, ಬೆಲ್ಟು ಬಿಗಿದ, ಗೋಡೆಗೆ ಹೊಸ ಸ್ಟಾರ್ಟರ್, ಹಸಿರು ಗುಂಡಿ ಕೆಂಪು ಗುಂಡಿ, ಒತ್ತಿದರೆ ಚಕ್ಕು ಉಲ್ಟಾ ತಿರುಗಿತು, ಏನು ಗುರು, ನಿನ್ ಲೇತು ರಿವರ್ಸಲ್ಲಿ ಊರಿಗೆ ಹೊರಟೈತೆ ಅಂತ ನಗುತ್ತಾ ಎರಡು ವೈರು ಅದಲುಬದಲು ಮಾಡಿದ, ಎಲ್ಲ ಸರಿ, ಹೋಗುವ ಮುಂಚೆ ಹಳೆಯ ಮೋಟಾರಿನ ತುದಿಯನ್ನು ಬೆರಳಲ್ಲಿ ತಿರುಗಿಸಿ ನೋಡಿದ ಪುಣ್ಯಾತ್ಮ, ಇದಕ್ಕೇನಾಗೈತೆ, ಬೇರಿಂಗ್ ಹೂವಿನಂಗೈತೆ, ಇನ್ನೂ ಹತ್ತು ವರ್ಷ ಎಳೀತದೆ ಅಂದ, ಹೇಮಶ್ರೀ ಆಗ ಕಾಫಿ ಲೋಟಗಳನ್ನು ಹಿಡಿದು ಮೆಟ್ಟಿಲ ಮೇಲೆ ನಿಂತಿದ್ದಳು, ಕೇಳಿಸಿತೋ ಇಲ್ಲವೋ, ಲೋಟ ಕೊಟ್ಟು ಅಲ್ಲೇ ನಿಂತಳು, ಈಗಲೂ ನಿಂತಿದ್ದಾಳೆ, ಮುನಿರಾಜು ಹೋಗಿ ಅರ್ಧ ಗಂಟೆಯಾಯಿತು, ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಒರೆಸಿಕೊಳ್ಳುತ್ತಾ ಸರಳನ್ನೇ ನೋಡುತ್ತಿದ್ದಾಳೆ, ಬೀದಿಯಲ್ಲಿ ಸೊಪ್ಪಿನ ಗಾಡಿಯ ಮೈಕು, ದಂಟು ಮೆಂತ್ಯ ಪಾಲಕ್, ಕರೆಂಟಾದರೂ ಹೋಗಬಾರದೆ, ದಿನಾ ಈ ಹೊತ್ತಿಗೆ ಹೋಗುವುದು ಇವತ್ತು ಮೊಂಡು ಹಿಡಿದು ನಿಂತಿದೆ. ಒಂದು ಸಲ ಟೂಲು ಓಡಿಸಿದ, ಎರಡನೇ ಗೆರೆಯಲ್ಲಿಟ್ಟು, ಉಕ್ಕಿನ ಮೇಲಿಂದ ಕೂದಲಿನಂಥ ಪುಡಿ ಉದುರಿತು, ಮೋಟಾರಿಗೆ ತನ್ನ ಮೇಲೆ ಕೆಲಸ ಬಿದ್ದಿದೆ ಅನ್ನುವುದೇ ಗೊತ್ತಾಗಲಿಲ್ಲ, ಇನ್ನೊಂದು ಸಲ, ಮತ್ತೆ ಎರಡೇ, ಮತ್ತೆ ಪುಡಿ, ಮೂರನೇ ಸಲ ಹ್ಯಾಂಡಲಿಗೆ ಕೈ ಹಾಕುವಾಗ ಹಿಂದಿನಿಂದ ಅವಳ ದನಿ, ಮೆಲ್ಲಗೆ, ನಿಜವಾಗಿಯೂ ಕೇಳುವ ದನಿ — ರೀ, ಹೊಸದೂ ಎಳೀತಿಲ್ವಾ.

ಉತ್ತರ ನಾಲಿಗೆ ತುದಿಯಲ್ಲೇ ಇತ್ತು, ತಯಾರಾಗಿ, ಹೊಸದಲ್ವಾ ಹೇಮಾ, ಸ್ವಲ್ಪ ದಿನ ಓಡ್ಲಿ, ಸೆಟ್ ಆಗುತ್ತೆ, ಎಷ್ಟು ಚೆನ್ನಾಗಿತ್ತು ಆ ಮಾತು, ಇನ್ನೂ ಆರು ತಿಂಗಳು ನಡೆಯುತ್ತಿತ್ತು, ಆಮೇಲೆ ಬೆಲ್ಟು ಅನ್ನಬಹುದಿತ್ತು, ಆಮೇಲೆ ವೋಲ್ಟೇಜು, ಶಿವಬಸಪ್ಪನವರು ಸರಳು ಹೊತ್ತುಕೊಂಡು ಕಾಮಾಕ್ಷಿಪಾಳ್ಯಕ್ಕೆ ಹೋಗುತ್ತಿದ್ದರು, ಇನ್ನು ಈ ಕಡೆ ಬರುತ್ತಿರಲಿಲ್ಲ, ಹೇಮಶ್ರೀ ಮತ್ತೆ ಚಪ್ಪಲಿ ಮೆಟ್ಟಿಕೊಂಡು ಎರಡು ಎಚ್‌ಪಿ ಹುಡುಕಿಕೊಂಡು ಹೊರಡುತ್ತಿದ್ದಳು, ಹೊರಡುತ್ತಾಳೆ, ಅದರಲ್ಲಿ ಅನುಮಾನವಿಲ್ಲ, ಇವನು ಸುಳ್ಳು ಹೇಳುತ್ತಾ ಹೋದಂತೆ ಅವಳು ಮೋಟಾರು ತರುತ್ತಾ ಹೋಗುತ್ತಾಳೆ, ಆ ಯೋಚನೆಗೆ ನಗು ಬಂತು, ಕೆಂಪು ಗುಂಡಿ ಒತ್ತಿದ, ಸರಳು ನಿಂತಿತು, ಸರಳಿನ ಕಡೆಗೇ ತಿರುಗಿ ಹೇಳಿದ, ಹಳೇದೂ ಎಳೀತಿತ್ತು ಹೇಮಾ, ನಂಗೇ ಭಯ. ಹೇಳಿದ ಮೇಲೆ ಶೆಡ್ಡು ಇದ್ದ ಹಾಗೇ ಇತ್ತು, ಏನೂ ಮುರಿದು ಬೀಳಲಿಲ್ಲ, ಸೊಪ್ಪಿನ ಗಾಡಿ ಮುಂದಿನ ತಿರುವಿಗೆ ಹೋಗಿತ್ತು, ಅವಳು ಅಳುತ್ತಾಳೆ ಅಂದುಕೊಂಡ, ಅಳಲಿಲ್ಲ, ಹತ್ತಿರ ಬಂದು ಚಕ್ಕನ್ನೇ ನೋಡುತ್ತಾ ಅಂದಳು, ಆ ದಾರ ಹಾಕಿದ್ದು ನಾನು. ಕೈ ಹಾಕಿದ್ದು ನಾನು ಕಣೇ, ಅಂದ ಇವನು, ಎರಡು ವರ್ಷ ಹೊಟ್ಟೆಯಲ್ಲಿಟ್ಟುಕೊಂಡಿದ್ದ ಮಾತು ಇಷ್ಟು ಚಿಕ್ಕದಾ, ಇಷ್ಟೇನಾ, ಇದಕ್ಕಾಗಿಯಾ ಅವಳು ಬಿಡಿ ಹೂವು ಮುಡಿದದ್ದು.

ಅವಳು ಏನೋ ಲೆಕ್ಕ ಹಾಕುವವಳಂತೆ ಸ್ಟಾರ್ಟರ್ ನೋಡಿದಳು, ಇದು ಒತ್ತಿದರೆ ನಿಲ್ಲುತ್ತಲ್ವಾ, ತಕ್ಷಣ ನಿಲ್ಲುತ್ತಾ ಅಂತ ಕೇಳಿದಳು, ಕರೆಂಟು ತಕ್ಷಣ ಕಟ್ಟಾಗುತ್ತೆ, ಚಕ್ಕು ಒಂದೆರಡು ಸುತ್ತು ತಿರುಗಿ ನಿಲ್ಲುತ್ತೆ ಅಂದ, ಹಾಗಾದರೆ ನಾನಿಲ್ಲೇ ನಿಂತಿರ್ತೀನಿ, ನೀವು ತಿರುಗ್ಸಿ, ಅಂದವಳು ಸೆರಗನ್ನು ಸೊಂಟಕ್ಕೆ ಬಿಗಿಯಾಗಿ ಸಿಕ್ಕಿಸಿಕೊಂಡು, ಬಳೆಗಳನ್ನು ಮೊಣಕೈ ತನಕ ಮೇಲಕ್ಕೇರಿಸಿ, ಕೆಂಪು ಗುಂಡಿಯ ಮೇಲೆ ಹೆಬ್ಬೆರಳಿಟ್ಟು ನಿಂತುಬಿಟ್ಟಳು, ಒಲೆಯ ಮೇಲೆ ಹಾಲಿಟ್ಟು ನಿಲ್ಲುವ ಹಾಗೆ, ಉಕ್ಕುವ ಮುಂಚೆ ಆರಿಸುವವಳು, ಇಷ್ಟು ವರ್ಷದಲ್ಲಿ ಒಂದು ದಿನವೂ ಹಾಲು ಉಕ್ಕಿಸಿದವಳಲ್ಲ. ಹಳೆಯ ಮೋಟಾರು ತಾನೇ ನಿಂತಿತ್ತು, ಈ ಮೋಟಾರು ನಿಲ್ಲುವುದಿಲ್ಲ, ಅವಳು ನಿಲ್ಲಿಸುತ್ತಾಳೆ. ಹಸಿರು ಗುಂಡಿ ಅವಳೇ ಒತ್ತಿದಳು. ಸರಳು ತಿರುಗುತ್ತದೆ, ಹೊಳೆಯುತ್ತದೆ, ಹ್ಯಾಂಡಲ್ ಮೇಲೆ ಮೂರು ಬೆರಳು ಮತ್ತು ಎರಡು ಅರ್ಧ ಬೆರಳು, ಒಂದು, ಎರಡು, ಇಲ್ಲಿ, ಇಲ್ಲೇ ನಿಲ್ಲುವುದು, ಎರಡನೇ ಗೆರೆ, ಹಿಂದೆ ಅವಳ ಕೈಬಳೆ ಒಂದು ಸಲ ಸದ್ದು ಮಾಡಿತು, ಮೂರು, ಅರೆ, ನಾಲ್ಕು, ಐದು ಯಾವಾಗ ಬಂತೋ ಗೊತ್ತಾಗಲಿಲ್ಲ, ಏಳು, ಎಂಟು ಒಂಬತ್ತು ಹತ್ತು, ಟೂಲು ಉಕ್ಕಿಗೆ ಕಚ್ಚಿದ ಕೂಡಲೇ ಸದ್ದು ಬದಲಾಯಿತು, ಮೋಟಾರು ಈಗ ಬಾಯಿ ತೆರೆದಿದೆ, ನರಳುವ ಸದ್ದಲ್ಲ, ದುಡಿಯುವ ಸದ್ದು, ಗಟ್ಟಿ ಸುರುಳಿ ಕಳಚಿ ಬರುತ್ತಿದೆ, ನೀಲಿ ಬಣ್ಣಕ್ಕೆ ತಿರುಗಿ, ಬಿಸಿಬಿಸಿ, ಟ್ರೇಯೊಳಗೆ ಟಣ್ ಅಂತ ಮುರಿದು ಬೀಳುತ್ತದೆ, ಸರಳಿನ ಉದ್ದಕ್ಕೂ ಹೊಳಪು ಮೆಲ್ಲಗೆ ನಡೆದುಕೊಂಡು ಹೋಗುತ್ತಿದೆ, ಭಯ ಹೋಗಿಲ್ಲ, ಇಲ್ಲೇ ಇದೆ, ಆದರೆ ಕೈಯೂ ಇಲ್ಲೇ ಇದೆ, ಸಂತೋಷವಾಗುತ್ತಿದೆ ಕಣೇ ಅಂತ ಕೂಗಬೇಕು ಅನ್ನಿಸಿತು, ಕೂಗಲಿಲ್ಲ, ಒಂದಾಯ್ತು ಅಂದ. ಇನ್ನೂ ಎಷ್ಟಿವೆ ಅಂದಳು ಅವಳು, ಹೆಬ್ಬೆರಳು ತೆಗೆಯದೆ. ಏಳು, ಅನ್ನಲು ಹೋದವನು ಅನ್ನಲಿಲ್ಲ, ಟೂಲು ಹಿಂದಕ್ಕೆ ತಂದು ಮತ್ತೆ ಹ್ಯಾಂಡಲಿಗೆ ಕೈ ಹಾಕಿದ, ಆರು ಏಳು ಎಂಟು, ಈ ಲೇತಿನಲ್ಲಿ ಇಪ್ಪತ್ತು ವರ್ಷದಲ್ಲಿ ಒಂದು ದಿನವೂ ಹತ್ತು ದಾಟಿದ್ದಿಲ್ಲ, ಒಂಬತ್ತು, ಹತ್ತು, ಬೆರಳು ನಿಲ್ಲುತ್ತಿಲ್ಲ, ಹ್ಯಾಂಡಲಿನ ಉಕ್ಕಿನ ಬಳೆ ತಿರುಗುತ್ತಿದೆ, ಬಿಳಿ ಗೀಟು, ಎಂದೂ ಕೈ ಸೋಕದ ಸಣ್ಣ ಬಿಳಿ ಗೀಟು, ಗುರುತಿಗೆ ನೇರವಾಗಿ ಬಂದು ನಿಂತ ಹನ್ನೊಂದನೇ ಗೆರೆ.