ಎಲ್ಲರಿಗೂ ಉತ್ತರ ಕೊಡುವ ಗಂಡ

ಸಾಕಾಗಿದೆ ನನಗೆ. ಚೀನಾದ ಲುವೋಯಾಂಗ್ ಊರಿನ ನದಿದಂಡೆಯ ಮೈದಾನದಲ್ಲಿ ಪ್ರತಿ ಸಂಜೆ ನಮ್ಮ ಹೆಂಗಸರ ತಂಡ ಕುಣಿಯುತ್ತದೆ. ಮುಂದಿನ ಸಾಲಿನಲ್ಲಿ ನಾನು. ಒಂದು ದಿನ ಚೆಂಡಾಡಲು ಜಾಗ ಬೇಕೆಂದು ಬಂದ ಹುಡುಗನೊಬ್ಬ ನಮ್ಮ ಹಾಡಿನ ಪೆಟ್ಟಿಗೆಯನ್ನು ಒದ್ದ. ನಾನು ಅವನ ಚೆಂಡು ಕಿತ್ತುಕೊಂಡು ಚೆನ್ನಾಗಿ ಬೈದೆ. ಯಾರೋ ಪುಣ್ಯಾತ್ಮರು ಅದರ ವಿಡಿಯೊ ಮಾಡಿ, ಅವನು ಒದ್ದದ್ದನ್ನು ಕತ್ತರಿಸಿ, ನಾನು ಬೈದದ್ದನ್ನಷ್ಟೇ ಇಂಟರ್ನೆಟ್ಟಿಗೆ ಹಾಕಿದರು. ದೇಶದ ತುಂಬ ನಾನು ‘ಚೆಂಡುಗಳ್ಳಿ ಅಜ್ಜಿ’ಯಾದೆ.

ತರಕಾರಿಯವಳೂ ನನ್ನನ್ನು ನೋಡಿ ಮುಸಿಮುಸಿ ನಕ್ಕಳು. ಅವತ್ತಿನಿಂದ ಹೊರಗೆ ಕಾಲಿಡುವುದನ್ನೇ ಬಿಟ್ಟೆ.

ನನ್ನ ಗಂಡ ಲಾವೊ ಝಾನ್ ಟ್ರ್ಯಾಕ್ಟರ್ ಕಾರ್ಖಾನೆಯಿಂದ ನಿವೃತ್ತನಾದವನು, ಸುಮ್ಮನೆ ಕೂರುವ ಜಾತಿಯಲ್ಲ. ಕನ್ನಡಕ ಏರಿಸಿ, ಫೋನನ್ನು ಒಂದೇ ಬೆರಳಲ್ಲಿ ಕುಟ್ಟುತ್ತಾ, ಅಲ್ಲಿ ನನ್ನನ್ನು ಬೈದವರಿಗೆಲ್ಲ ಉತ್ತರ ಬರೆಯತೊಡಗಿದ.

“ಏ ಮುದುಕಪ್ಪ, ನೂಡಲ್ಸ್ ತಣ್ಣಗಾಯ್ತು!”

“ತಡಿಯೇ, ಇವನೊಬ್ಬನಿಗೆ ಹೇಳ್ಬಿಡ್ತೀನಿ. ಹಾರ್ಬಿನ್ ಊರೋನಂತೆ, ಬಾಯಿಗೆ ಬಂದಂಗೆ ಬರ್ದಿದಾನೆ.”

ಎದುರುಮನೆಯ ಯೀನುವೊ ಇಂಟರ್ನೆಟ್ಟಿನಲ್ಲೇ ಬಟ್ಟೆ ಮಾರುವ ಹುಡುಗಿ. ಮೊನ್ನೆ ಬಂದವಳು ನನ್ನನ್ನು ಅಡುಗೆಮನೆಗೆ ಎಳೆದಳು.

“ದೊಡ್ಡಮ್ಮ, ದೊಡ್ಡಪ್ಪಂಗೆ ನಿಲ್ಸೋಕೆ ಹೇಳಿ. ಅವರು ಉತ್ತರ ಬರ್ದಾಗೆಲ್ಲ ಆ ವಿಡಿಯೊ ಮತ್ತೆ ಮೇಲಕ್ಕೆ ಬರುತ್ತೆ, ಇನ್ನಷ್ಟು ಜನ ನೋಡ್ತಾರೆ. ಸುಮ್ನಿದ್ದಿದ್ರೆ ಜನ ಯಾವಾಗ್ಲೋ ಮರ್ತಿರೋರು.”

ಅಯ್ಯೋ ಪೆದ್ದಪ್ಪ! ನನಗೆ ಸಿಟ್ಟೂ ಬಂತು, ಅಳುವೂ ಬಂತು. ಹೇಳಿದರೆ ಈ ಮನುಷ್ಯ ಕುಸಿದುಹೋಗುತ್ತಾನೆ. ಹೇಳದಿದ್ದರೆ ಸಾಯುವತನಕ ನಾನು ಚೆಂಡುಗಳ್ಳಿ, ಈ ನಾಲ್ಕು ಗೋಡೆಯೇ ನನಗೆ ಗತಿ.

ಮಂಚದಡಿಯಿಂದ ಕುಣಿತದ ಬೂಟು ಎಳೆದು ಹಾಕಿಕೊಂಡೆ.

“ಫೋನ್ ಇಲ್ಲೇ ಇಡು. ನಡಿ, ಮೈದಾನಕ್ಕೆ ಹೋಗೋಣ.”

“ನಾನ್ಯಾಕೆ? ನಂಗೆಲ್ಲಿ ಕುಣಿಯೋಕೆ ಬರುತ್ತೆ?”

“ಒಬ್ಳೇ ಹೋಗೋಕೆ ಹೆದ್ರಿಕೆ ಕಣೋ. ಇನ್ಮೇಲೆ ದಿನಾ ಸಂಜೆ ನಂಗೆ ಜೊತೆ ಬೇಕು.”

ಅದೇನೂ ಸುಳ್ಳಾಗಿರಲಿಲ್ಲ; ಯೀನುವೊ ಹೇಳಿದ್ದನ್ನು ಮಾತ್ರ ಬಾಯಿಬಿಡಲಿಲ್ಲ. ಅವನು ಫೋನಿಟ್ಟು ಎದ್ದ.

ಹಿಂದಿನ ಸಾಲಿನಲ್ಲಿ ಜಾಗ ಸಿಕ್ಕಿತು. ಎಲ್ಲರೂ ಬಲಕ್ಕೆ ತಿರುಗಿದರೆ ಇವನು ಎಡಕ್ಕೆ. ಗೆಳತಿಯರು ಕಿಸಕ್ಕೆಂದರು. ಅಷ್ಟರಲ್ಲಿ ಯಾರೋ ನಮ್ಮತ್ತ ಫೋನ್ ಎತ್ತಿ ಹಿಡಿದರು. ಲಾವೊ ಝಾನ್ ಮುಷ್ಟಿ ಬಿಗಿದು ಅತ್ತ ಹೊರಟ. ನಾನು ಅವನ ಕೈ ಹಿಡಿದು ಎಳೆದೆ.

“ಬಿಡು, ಇಂಟರ್ನೆಟ್ಟಿಗೆ ಹಾಕಿದ್ರೆ ಹಾಕ್ಲಿ,” ಎಂದೆ. “ನೀನು ನನ್ನ ಕಾಲು ನೋಡ್ಕೊಂಡು ಕುಣಿ.”