ಬಿಸಿಲಕ್ಕನ ಚಂಡಮಾರುತ

ನೆತ್ತಿಯ ಸುಳಿಯ ಹಾಗೇ ಇದೆಯಲ್ಲ, ಪರದೆಯ ಮೇಲಿನ ಈ ಬಿಳಿ ಮೋಡ, ಅಣ್ಣನ ತಲೆಯಲ್ಲೂ ಇಂಥದ್ದೇ ಸುಳಿ, ಎಷ್ಟು ಎಣ್ಣೆ ಹಚ್ಚಿದರೂ ಕೂದಲು ಕೂರುತ್ತಿರಲಿಲ್ಲ — ಆ ಅಣ್ಣ ಈಗ ಇದೇ ಮೋಡದ ಆಸುಪಾಸಿನಲ್ಲಿ ದೋಣಿ ನಿಲ್ಲಿಸಿ ಬಲೆ ಬೀಸುತ್ತಿದ್ದಾನೆ, ಇಲ್ಲಿ ಹವಾಮಾನ ಕಚೇರಿಯಲ್ಲಿ ಅವಳು ಕುರ್ಚಿಯ ತುದಿಗೆ ಜಾರಿ ಕೂತಿದ್ದಾಳೆ, ಮೂಗು ಪರದೆಗೆ ತಾಗುವಷ್ಟು ಹತ್ತಿರ. ಸುಳಿಯೋ, ಬರೀ ಮೋಡವೋ? ಹೋದ ತಿಂಗಳು ಇಂಥದ್ದನ್ನೇ ನೋಡಿ ದೋಣಿಗಳನ್ನೆಲ್ಲ ವಾಪಸ್ ಕರೆಸಿದ್ದಳು, ಬಂದದ್ದು ಚುರುಗುಟ್ಟುವ ಬಿಸಿಲು, ಅವತ್ತಿನಿಂದ ಬಂದರಿನವರ ಬಾಯಲ್ಲಿ ಅವಳು ಬಿಸಿಲಕ್ಕ, ಹೆಸರಿಟ್ಟವನು ಒಡಹುಟ್ಟಿದ ಅಣ್ಣನೇ, ನೆನೆದರೆ ಈಗಲೂ ನಗು, ಜೊತೆಗೆ ಚೂರು ಉರಿ. ಆದರೆ ಅವತ್ತು ಮೇಲಿನ ಗಾಳಿ ಜೋರಾಗಿತ್ತು, ಮೋಡದ ತಲೆಯನ್ನೇ ಹಾರಿಸಿಕೊಂಡು ಹೋಯಿತು, ಇವತ್ತು ಮೇಲೆ ಎಲ್ಲ ಶಾಂತ, ಸಮುದ್ರವೋ ಆಳದವರೆಗೂ ಬೆಚ್ಚಗೆ, ಮೂವತ್ತು ಡಿಗ್ರಿ, ಹಸಿ ಗಾಳಿ ಮೇಲೇರುತ್ತದೆ, ತಣಿದು ಮೋಡವಾಗುವಾಗ ಒಳಗಿನ ಶಾಖ ಬಿಡುತ್ತದೆ, ಆ ಶಾಖಕ್ಕೆ ಗಾಳಿ ಇನ್ನೂ ಮೇಲೇರುತ್ತದೆ, ಕೆಳಗೆ ತೆರವಾದ ಜಾಗಕ್ಕೆ ಸುತ್ತಲಿನದೆಲ್ಲ ನುಗ್ಗುತ್ತದೆ, ನೆಟ್ಟಗೆ ನುಗ್ಗಲು ಭೂಮಿ ಬಿಡಬೇಕಲ್ಲ, ತಾನು ತಿರುಗುತ್ತ ಅದನ್ನೂ ತಿರುಗಿಸುತ್ತದೆ, ಸಮಭಾಜಕ ವೃತ್ತದ ಮೇಲೇ ಆಗಿದ್ದರೆ ಈ ಗಿರಗಿಟ್ಟಲೆ ಇರುತ್ತಿರಲಿಲ್ಲ, ಇದು ಅಲ್ಲಿಂದ ಸಾಕಷ್ಟು ದೂರ — ಎಲ್ಲ ಕೂಡಿ ಬಂದಿದೆ, ಎಲ್ಲ.

ಚಂಡಮಾರುತ ಅಂತ ಖಾತ್ರಿ ಇದ್ದರೆ ಎಚ್ಚರಿಕೆ ಪತ್ರಕ್ಕೆ ಸಹಿ ಹಾಕಿ, ಇಲ್ಲದಿದ್ದರೆ ಸಂಜೆವರೆಗೆ ಕಾಯೋಣ ಅಂದರು ಮೇಲಧಿಕಾರಿ, ಕಾದರೆ ಯಾರೂ ನಗುವುದಿಲ್ಲ, ಕಾದರೆ ದೋಣಿಗಳು ಇನ್ನೂ ದೂರ, ಈಗಲೇ ಒಂದು ದಿನದ ದಾರಿ, ಪೆನ್ನು ಕಾಗದದ ಮೇಲೆ ಓಡಿಯೇ ಬಿಟ್ಟಿತು. ಅಣ್ಣಾ, ವಾಪಸ್ ಬಾ, ಎಲ್ಲರನ್ನೂ ಹೊರಡಿಸಿಕೊಂಡು ಬಾ — ವೈರ್‌ಲೆಸ್ಸಿನಲ್ಲಿ ಗರಗರ, ಆಮೇಲೆ ಅವನ ದನಿ, ಏನಮ್ಮಾ ಬಿಸಿಲಕ್ಕಾ, ಇವತ್ತು ಎಷ್ಟು ಬಟ್ಟೆ ಒಣಗಿಸಬೇಕು ಹೇಳು, ಇಲ್ಲಿ ನೀರು ಕನ್ನಡಿ ಹಾಗಿದೆ, ಬಲೆ ತುಂಬ ಮೀನು, ನಗೋ ಅಣ್ಣಾ, ದಡಕ್ಕೆ ಬಂದು ಹೊಟ್ಟೆ ತುಂಬ ನಗು, ಮೊದಲು ಹೊರಡು, ಬಲೆ ಎಳೀರೋ ಅಂತ ಅವನು ಕೂಗಿದ್ದು ಗರಗರದ ನಡುವೆ ಕೇಳಿತು, ಆಯ್ತು ತಾಯೀ, ನೀನು ಹಿಡಿದ ಹಠ ಬಿಡ್ತೀಯಾ.

ಮಾರನೆಯ ಮಧ್ಯಾಹ್ನ ಗಾಳಿ ಬಂದರಿನ ತಗಡುಗಳನ್ನು ಕಿತ್ತು ಆಡುತ್ತಿದೆ, ಅವಳ ಕೊಡೆಯ ಕಡ್ಡಿಗಳೆಲ್ಲ ಆಕಾಶಕ್ಕೆ, ದೋಣಿಗಳು ಒಂದೊಂದಾಗಿ ಒಳಗೆ ಬಂದವು, ಅಣ್ಣನದೊಂದು ಬಾಕಿ, ಎಲ್ಲರನ್ನೂ ಮುಂದೆ ಬಿಟ್ಟು ತಾನು ಹಿಂದೆ, ಯಾವತ್ತೂ ಹಾಗೇ, ಬಾರೋ, ಬಾ — ಅಗೋ, ಅಲೆ ತಡೆಯುವ ಗೋಡೆ ದಾಟಿ ನುಸುಳಿತು, ಚುಕ್ಕಾಣಿ ಹಿಡಿದು ನಿಂತವನು ಅವಳನ್ನು ನೋಡಿ ಏನೋ ಕೂಗುತ್ತಾನೆ, ಮಾತನ್ನೆಲ್ಲ ಗಾಳಿ ಹೊತ್ತೊಯ್ಯಿತು, ಬೈದನೋ, ಹೊಗಳಿದನೋ, ಕಂಡದ್ದು ಹಲ್ಲು ಮಾತ್ರ, ನೆನೆದು ತೊಪ್ಪೆಯಾದ ಮುಖದಲ್ಲಿ ಅಷ್ಟೂ ಹಲ್ಲು, ಏನಂದೆಯೋ, ಕೇಳಿಸಲಿಲ್ಲ, ಹಲ್ಲು, ಅಣ್ಣನ ಹಲ್ಲು, ಬೆಳ್ಳಗೆ, ಕಿವಿಯಿಂದ ಕಿವಿವರೆಗೆ, ಹಲ್ಲು —